ಶಟರ್ ಎತ್ತಿಸಿದ ಮಾತು

ಅಮ್ಮನಿಗೆ ಸ್ಟ್ರೋಕ್ ಆದಾಗ ಬಲಗೈ ಬಿದ್ದುಹೋಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಕನ್ನಡವೂ ಹೋಗಿದೆ ಅನ್ನುವುದು ಗೊತ್ತಾಗಿದ್ದು ಮಾರನೆಯ ದಿನ. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟವಳೇ ನನ್ನನ್ನು ನೋಡಿ ಏನೋ ಕೇಳಿದಳು. ನಾಲಿಗೆ ತೊದಲುತ್ತಿತ್ತು. ತೊದಲಿನೊಳಗೆ ಇದ್ದದ್ದು ತಮಿಳು. ಅವಳ ಬಾಯಲ್ಲಿ ನಾನು ಆ ಭಾಷೆ ಕೇಳಿ ಮೂವತ್ತು ವರ್ಷದ ಮೇಲಾಗಿತ್ತು.

ಡಾಕ್ಟರು ಸಮಾಧಾನ ಹೇಳಿದರು. "ಕೆಲವರಿಗೆ ಹೀಗಾಗುತ್ತೆ ಮೇಡಂ. ಆಮೇಲೆ ಕಲಿತಿದ್ದು ಹೋಗುತ್ತೆ, ಮೊದಲು ಕಲಿತಿದ್ದು ಉಳ್ಕೊಳ್ಳುತ್ತೆ. ನೀವು ಅವರ ಹತ್ರ ತಮಿಳಲ್ಲೇ ಮಾತಾಡಿ."

"ನನಗೆ ತಮಿಳು ಬರಲ್ಲ ಡಾಕ್ಟ್ರೇ."

ಅವರು ಬರೆಯುತ್ತಿದ್ದವರು ತಲೆ ಎತ್ತಿ ನೋಡಿದರು. "ಇವರು ನಿಮ್ಮ ತಾಯಿ ಅಲ್ವಾ?"

ನಾನು ಲಕ್ಷ್ಮೀಪುರಂ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಳಗನ್ನಡದ ಪದ್ಯವನ್ನು ಬಿಡಿಸಿ ಅರ್ಥ ಹೇಳುವುದು ನನ್ನ ಕೆಲಸ. ಹೆತ್ತ ತಾಯಿ ನನ್ನ ಮುಂದೆ ಮಲಗಿ ಏನು ಕೇಳುತ್ತಿದ್ದಾಳೆ ಎನ್ನುವುದು ಮಾತ್ರ ಅರ್ಧಂಬರ್ಧ ತಿಳಿಯುತ್ತಿತ್ತು. ನೀರು, ಅನ್ನ, ನೋವು, ಇಂಥವಕ್ಕೆ ಪದ ಗೊತ್ತಿತ್ತು. ಅದರಾಚೆಗಿನದೆಲ್ಲ ಬರೀ ಸದ್ದು. ಡಾಕ್ಟರಿಗೆ ಇದನ್ನು ಹೇಗೆ ವಿವರಿಸಲಿ? ವಿವರಿಸಲು ಹೋದರೆ ಮೇಟಗಳ್ಳಿಯ ಆ ಅಂಗಡಿಯಿಂದ ಶುರುಮಾಡಬೇಕಾಗಿತ್ತು.

ಅಪ್ಪ ಟೈಲರ್. ಹುಟ್ಟಿದ್ದು, ಬೆಳೆದದ್ದು ಎಲ್ಲ ಮೈಸೂರಲ್ಲೇ. ಕೆಲಸ ಹುಡುಕಿಕೊಂಡು ಧರ್ಮಪುರಿ ಕಡೆಯಿಂದ ಇಲ್ಲಿಗೆ ಬಂದವರು ತಾತ. ಅಮ್ಮ ಮದುವೆಯಾಗಿ ಬಂದದ್ದು ಅದೇ ಸೀಮೆಯಿಂದ. ಕೆಆರ್‌ಎಸ್ ರಸ್ತೆಯ ಮೇಲೆ, ಕಾರ್ಖಾನೆಗಳ ಗೇಟಿನಿಂದ ಸ್ವಲ್ಪ ದೂರದಲ್ಲಿ ಅಪ್ಪನ ಅಂಗಡಿ ಇತ್ತು. ಒಂದು ಶಟರು, ಎರಡು ಮಿಷನ್ನು. ಕಾರ್ಮಿಕರ ಖಾಕಿ ಬಟ್ಟೆ, ಮಕ್ಕಳ ಯೂನಿಫಾರಂ, ಮದುವೆ ಕಾಲದಲ್ಲಿ ರವಿಕೆಗಳು. ಬೋರ್ಡು ಪೂರ್ತಿ ಕನ್ನಡದಲ್ಲೇ ಇತ್ತು. ಆದರೆ ಅದರ ಮೂಲೆಯಲ್ಲಿ ವೇಲಾಯುಧ ಹಿಡಿದು ನವಿಲಿನ ಮೇಲೆ ಕೂತ ಮುರುಗನ ಚಿತ್ರ ಬರೆಸಿದ್ದರು. ಅದನ್ನು ನೋಡಿದರೆ ಸಾಕು, ಅಂಗಡಿ ಯಾರದ್ದೆಂದು ಗೊತ್ತಾಗುತ್ತಿತ್ತು.

ನಮ್ಮ ಗಲ್ಲಿಯ ಕೊನೆಯಲ್ಲಿ ಒಬ್ಬ ಹುಡುಗನಿದ್ದ. ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡಿದ್ದರಂತೆ. ಕನ್ನಡದವರೇ, ಆದರೆ ಅಮ್ಮ ಜಗಲಿಯ ಮೇಲೆ ಕೂರಿಸಿ ಹಾಕಿದ ಇಡ್ಲಿ ತಿನ್ನುತ್ತಾ ತಿನ್ನುತ್ತಾ ಅವನಿಗೆ ನಮ್ಮ ತಮಿಳೂ ಬಂದುಬಿಟ್ಟಿತ್ತು. ಅಪ್ಪನನ್ನು 'ಅಣ್ಣೇ' ಎಂದು ಕರೆಯುತ್ತಿದ್ದ. ಅವನ ಮೊದಲ ಪ್ಯಾಂಟು ಹೊಲಿದದ್ದು ಅಪ್ಪನೇ. ನಾನು ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಅವನಿಗೆ ಇಪ್ಪತ್ತು ದಾಟಿತ್ತು. ಯುವಕರ ಸಂಘ, ಗಣಪತಿ ಕೂರಿಸುವುದು, ಬಂದ್ ಮಾಡಿಸುವುದು, ಎಲ್ಲದರಲ್ಲೂ ಅವನೇ ಮುಂದೆ.

ಆ ವರ್ಷ ಕಾವೇರಿ ನೀರಿನ ಗಲಾಟೆ ಶುರುವಾಯಿತು. ಅಪ್ಪನ ಅಂಗಡಿಯ ರಸ್ತೆಯಲ್ಲೇ ಮುಂದೆ ಹೋದರೆ ಅಣೆಕಟ್ಟು. ನಮ್ಮ ನಲ್ಲಿಯಲ್ಲಿ ಬರುತ್ತಿದ್ದದ್ದು ಆ ನದಿಯ ನೀರೇ, ಅಮ್ಮ ಪೊಂಗಲ್ ಬೇಯಿಸುತ್ತಿದ್ದದ್ದೂ ಅದರಲ್ಲೇ. ಬಂದ್ ದಿನ ಅಪ್ಪ ಮನೆಯಲ್ಲೇ ಇದ್ದರು. ಮಧ್ಯಾಹ್ನ ಊಟ ಮಾಡಿ ಎದ್ದವರಿಗೆ ಅಂಗಡಿಯಲ್ಲಿದ್ದ ಮದುವೆ ಬಟ್ಟೆಗಳ ಚಿಂತೆ ಹತ್ತಿತು. ಗಂಟು ಕಟ್ಟಿ ಮನೆಗೆ ತಂದುಬಿಡುತ್ತೇನೆ ಎಂದು ಹೊರಟರು. ಅವರು ಅಂಗಡಿಯೊಳಗೆ ಇರುವಾಗಲೇ ಗುಂಪು ಬಂತು. ಅಪ್ಪ ಒಳಗಿನಿಂದ ಶಟರ್ ಎಳೆದುಕೊಂಡು, ಉಸಿರು ಬಿಗಿಹಿಡಿದು ಕತ್ತಲಲ್ಲಿ ಕೂತರು.

ಅಷ್ಟು ಹೊತ್ತಿಗೆ ನನ್ನನ್ನೂ ಅಮ್ಮನನ್ನೂ ಎದುರುಮನೆಯ ದೊಡ್ಡಮ್ಮ ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿದ್ದರು. ಅವರದು ಲಿಂಗವಂತರ ಮನೆ. ದೇವರ ಗೂಡಿನಿಂದ ವಿಭೂತಿ ತಂದು ಅಮ್ಮನ ಹಣೆಗೂ ನನ್ನ ಹಣೆಗೂ ಮೂರು ಪಟ್ಟೆ ಎಳೆದರು. ಹುಡುಗರು ಗಲ್ಲಿಗೆ ಬಂದು ಮನೆಮನೆ ನೋಡತೊಡಗಿದಾಗ ಬಾಗಿಲಲ್ಲಿ ಅಡ್ಡ ನಿಂತು ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ.

"ಏ, ಯಾರನ್ರೋ ಉಡುಕ್ತಿದ್ದೀರಿ? ಒಳಗಿರೋರು ನಮ್ಮೋರೇ ಕಣ್ರೋ. ಈಬತ್ತಿ ಕಾಣಲ್ವಾ ನಿಮ್ಗೆ? ಓಗ್ರೋ ಅತ್ಲಾಗೆ!"

ಅವರು ಹೋದರು. ಒಳಗೆ ಅಮ್ಮ ನನ್ನ ಬಾಯಿಯ ಮೇಲೆ ಕೈ ಒತ್ತಿ ಹಿಡಿದಿದ್ದಳು. ನಾನು ತಮಿಳಲ್ಲಿ ಅತ್ತುಬಿಟ್ಟರೆ ಎನ್ನುವ ಭಯವಂತೆ. ಅಳುವುದಕ್ಕೂ ಭಾಷೆ ಇರುತ್ತದೆಯೇ ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. "ಅಮ್ಮಾ ಅಂತ ಅತ್ರೆ ಎರಡೂ ಒಂದೇ. ಅದಾದ್ಮೇಲೆ ಏನೋ ಹೇಳಿ ಅಳ್ತೀಯಲ್ಲ, ಅದಕ್ಕೆ" ಎಂದಿದ್ದಳು.

ಅಂಗಡಿಯ ಮುಂದೆ ಗುಂಪು ನಿಂತಿತ್ತು. ಯಾರೋ ಶಟರಿಗೆ ಒದ್ದರು. ಆಗ ಹೊರಗಿನಿಂದ ಅಪ್ಪನಿಗೆ ಒಂದು ದನಿ ಕೇಳಿಸಿತು, ತಮಿಳಿನಲ್ಲಿ. "ಅಣ್ಣೇ, ನಾನ್ ತಾನ್. ಶಟರ್ ತೂಕ್ಕುಂಗ. ವೆಳಿಯ ವಾಂಗ." ನಾನೇ ಅಣ್ಣ, ಶಟರ್ ಎತ್ತಿ, ಹೊರಗೆ ಬನ್ನಿ ಎಂದು.

ಅಪ್ಪ ಎತ್ತಿದರು.

ಯಾರೋ ಅವರ ಕಾಲರು ಹಿಡಿದು ರಸ್ತೆಗೆ ಎಳೆದು ಹಾಕಿದರು. ಎರಡು ಮೂರು ಏಟು ಬಿತ್ತು. ಆಮೇಲೆ ಅವರನ್ನು ಬಿಟ್ಟು ಎಲ್ಲರೂ ಒಳಗೆ ನುಗ್ಗಿದರು. ಸೀಮೆಎಣ್ಣೆ ಸುರಿದರು. ಎರಡೂ ಮಿಷನ್ನು, ಬಟ್ಟೆ ತುಂಬಿದ ಬೀರು, ಮದುವೆಯ ಗಂಟು, ಎಲ್ಲ ಉರಿದುಹೋಯಿತು. ಬೆಂಕಿ ಹಚ್ಚಿದವರಲ್ಲಿ ಅರ್ಧಕ್ಕರ್ಧ ಜನ ಹಾಕಿಕೊಂಡಿದ್ದದ್ದು ಅಪ್ಪ ಹೊಲಿದ ಬಟ್ಟೆಯೇ. ಇದನ್ನು ಅಪ್ಪ ಹೇಳಿದ್ದು ಒಂದೇ ಸಲ. ದೂರುವ ದನಿಯೂ ಅದರಲ್ಲಿ ಇರಲಿಲ್ಲ, ಕಂಡದ್ದನ್ನು ಹೇಳಿದರು ಅಷ್ಟೇ.

ವಾರ ಕಳೆದ ಮೇಲೆ ಸ್ಟೇಷನ್ನಿಗೆ ಕರೆದರು. ಅಮ್ಮನೂ ಜೊತೆಗೆ ಹೋದಳು. ಯಾರು ಯಾರಿದ್ದರು ಎಂದು ಇನ್‌ಸ್ಪೆಕ್ಟರ್ ಕೇಳಿದರೆ ಅಪ್ಪ, "ಹೊಗೆ ಸರ್, ಯಾರ ಮುಖಾನೂ ಕಾಣ್ಲಿಲ್ಲ" ಎಂದರು. ಅವರು ಶಟರ್ ಎತ್ತಿದಾಗ ಹೊಗೆ ಎಲ್ಲಿತ್ತು? ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅಮ್ಮ, ಅಪ್ಪನ ಜೊತೆ ಅಲ್ಲಿಯವರೆಗೆ ಎಂದೂ ಆಡಿರದ ಭಾಷೆಯಲ್ಲಿ, ತನ್ನ ಮುರುಕು ಕನ್ನಡದಲ್ಲಿ ಹೇಳಿದಳು.

"ಇನ್ಮೇಲೆ ಈ ಮನೇಲಿ ಆ ಮಾತು ಬೇಡ. ಅದನ್ನ ಕೇಳಿ ತಾನೇ ನೀವು ಶಟರ್ ಎತ್ತಿದ್ದು."

ಅಲ್ಲಿಗೆ ಮುಗಿಯಿತು. ನಾನು ತಮಿಳಲ್ಲಿ ಏನಾದರೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಅದನ್ನೇ ಕನ್ನಡದಲ್ಲಿ ಕೇಳಿದರೆ ಬರುತ್ತಿತ್ತು. ಮಕ್ಕಳು ಬೇಗ ಕಲಿಯುತ್ತವೆ, ಅಷ್ಟೇ ಬೇಗ ಮರೆಯುತ್ತವೆ. ಅಮ್ಮ ಹಾಡುವುದನ್ನೂ ನಿಲ್ಲಿಸಿದಳು, ಅವಳಿಗೆ ಕನ್ನಡದ ಹಾಡು ಬರುತ್ತಿರಲಿಲ್ಲ.

ಗಲ್ಲಿಯಲ್ಲೂ ಯಾರೂ ಆ ದಿನದ ಮಾತು ಎತ್ತುತ್ತಿರಲಿಲ್ಲ. ಹೇಳಲೇಬೇಕಾಗಿ ಬಂದರೆ 'ಆ ಗಲಾಟೆ ಟೈಮಲ್ಲಿ' ಎಂದು ಹೇಳಿ ಮುಂದೆ ಹೋಗುತ್ತಿದ್ದರು, ನೆರೆಯೋ ಬರವೋ ಬಂದು ಹೋದ ಹಾಗೆ. ಸುಟ್ಟುಹೋದ ಗಂಟಿನಲ್ಲಿ ಎದುರುಮನೆ ದೊಡ್ಡಮ್ಮನ ಮಗಳ ಮದುವೆಯ ರವಿಕೆಗಳಿದ್ದವು. ಅಪ್ಪ ಅವರ ಮನೆಗೆ ಹೋಗಿ ಕೈಮುಗಿದು ನಿಂತರೆ, ದೊಡ್ಡಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ತಲೆಯನ್ನೂ ಎತ್ತದೆ, "ನಾನ್ಯಾವಾಗ ಕೊಟ್ಟಿದ್ದೆ ನಿಮ್ಗೆ? ಕೊಡೋಣ ಅಂತಿದ್ದೆ, ಅಷ್ಟ್ರಲ್ಲಿ ಇದೆಲ್ಲ ಆಯ್ತು. ಬುಡಿ, ಓಗಿ ಕಾಪಿ ಕುಡೀರಿ" ಎಂದುಬಿಟ್ಟರು. ಅವರ ಜಗಲಿಯ ಮೇಲೇ, ಯಾರೋ ಕೊಟ್ಟ ಹಳೆಯ ಮಿಷನ್ನಿನಲ್ಲಿ ಅಪ್ಪ ಮತ್ತೆ ಹೊಲಿಯಲು ಕೂತರು.

ನನ್ನ ಅಪ್ಪ ಅಮ್ಮನ ನಡುವೆ ಒಂದೇ ಒಂದು ಜಗಳವಿತ್ತು. ಅದು ಅಪ್ಪ ಸಾಯುವ ತನಕ ಇತ್ತು. ಅಪ್ಪ ಹೇಳುತ್ತಿದ್ದರು: "ಅವನು ಕರೆದಿದ್ದಕ್ಕೆ ನಾನು ಬದುಕಿದೀನಿ. ಇಲ್ದಿದ್ರೆ ಹೊರಗಿಂದ ಬೆಂಕಿ ಇಟ್ಟು ಒಳಗೇ ಬೇಯಿಸೋರು." ಅಮ್ಮ ಹೇಳುತ್ತಿದ್ದಳು: "ನೀವು ಒಳಗಿರೋದು ಅವರಿಗೆ ಹೆಂಗೆ ಗೊತ್ತಾಗ್ತಿತ್ತು? ನಾಲ್ಕು ಸಲ ಒದ್ದು ಮುಂದಕ್ಕೆ ಹೋಗೋರು. ನಾನು ಅನ್ನ ಹಾಕಿದ ಬಾಯಿ ಅದು, ಆ ಬಾಯಿಂದ ನಿಮ್ಮನ್ನ ಕರೆದು ಬಾಗ್ಲು ತೆಗೆಸ್ದ." ಇಬ್ಬರೂ ಒಂದೇ ಕೂಗಿನ ಬಗ್ಗೆ ಮಾತಾಡುತ್ತಿದ್ದರು. ಯಾರು ಸರಿ ಎಂದು ನನಗೆ ತೀರ್ಮಾನಿಸಲು ಆಗುತ್ತಿರಲಿಲ್ಲ.

ಆ ಹುಡುಗ ದೊಡ್ಡವನಾದ. ಮೊದಲು ಕೇಬಲ್ ವ್ಯಾಪಾರ, ಆಮೇಲೆ ಸೈಟು ಮಾರುವುದು, ಆಮೇಲೆ ಕಾರ್ಪೊರೇಟರ್. ಸುತ್ತಮುತ್ತ ಉಳಿದಿದ್ದ ತಮಿಳು ಮನೆಗಳಿಗೆ ಹೋಗಿ ತಮಿಳಿನಲ್ಲೇ ವೋಟು ಕೇಳುತ್ತಿದ್ದರು. ಹೌದು, ಆ ಹೊತ್ತಿಗೆ ನಾವೂ ಅವರನ್ನು ಬಹುವಚನದಲ್ಲೇ ಕರೆಯುತ್ತಿದ್ದೆವು. 'ಏನ್ ತಮ್ಮಾ' ಎನ್ನುತ್ತಿದ್ದ ಅಪ್ಪ 'ನಮಸ್ಕಾರ ಸರ್' ಎನ್ನಲು ಶುರುಮಾಡಿದ್ದರು. ಒಂದು ರಾಜ್ಯೋತ್ಸವಕ್ಕೆ ಏರಿಯಾದ ಹಿರಿಯರಿಗೆ ಸನ್ಮಾನ ಮಾಡಿದಾಗ ಅಪ್ಪನನ್ನೂ ವೇದಿಕೆಗೆ ಕರೆದರು. ನಮ್ಮ ಮೇಟಗಳ್ಳಿಯಲ್ಲಿ ಎಂದೂ ಭೇದಭಾವ ಇರಲಿಲ್ಲ, ಅದಕ್ಕೆ ಇವರೇ ಸಾಕ್ಷಿ ಎಂದು ಮೈಕಿನಲ್ಲಿ ಹೇಳಿ ಶಾಲು ಹೊದಿಸಿದರು. ಅಪ್ಪ ತಲೆ ಬಗ್ಗಿಸಿ ಹೊದಿಸಿಕೊಂಡರು. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಅಮ್ಮ ಕೇಳಿದಳು: "ಅಷ್ಟು ಚಳಿಯಾಗ್ತಿತ್ತಾ ನಿಮಗೆ?"

ಅಪ್ಪ ಶಾಲನ್ನು ಮಡಚುತ್ತಾ ಹೇಳಿದರು: "ಬೇಡ ಅಂದಿದ್ರೆ ಅವನಿಗೆ ಎಲ್ಲ ನೆನಪಾಗ್ತಿತ್ತು ಕಣೇ. ನೆನಪಾಗದೆ ಇರೋದೇ ಒಳ್ಳೇದು."

ಅಪ್ಪ ಹೋದ ಮೇಲೆ ಅಮ್ಮನನ್ನು ಹಿನಕಲ್‌ನ ನಮ್ಮ ಮನೆಗೆ ಕರೆತಂದೆ. ಇಲ್ಲಿಯೂ ಚೆನ್ನಾಗಿಯೇ ಇದ್ದಳು. ಅಕ್ಕಪಕ್ಕದವರಿಗೆ ಅವಳ ಮಾತೃಭಾಷೆ ಯಾವುದೆಂದು ಗೊತ್ತೇ ಇರಲಿಲ್ಲ. ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಬಂದ ಮೇಲೆ ಗೊತ್ತಾಯಿತು.

ದಿನವೂ ಮುಸ್ಸಂಜೆ ಹೊತ್ತಿಗೆ ಅವಳಿಗೆ ದಿಗಿಲು ಶುರುವಾಗುತ್ತಿತ್ತು. ಎಡಗೈಯಿಂದ ಮಂಚದ ಪಟ್ಟಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಪೋಯಿಟ್ಟಾಂಗಳಾ? ಕತವ ತೊರಕ್ಕಟ್ಟುಮಾ?" ಹೋದರಾ? ಬಾಗಿಲು ತೆಗೆಯಲಾ? ಇಷ್ಟು ನನಗೆ ಅರ್ಥವಾಗುತ್ತಿತ್ತು. "ಯಾರೂ ಇಲ್ಲಮ್ಮ, ನಾವು ಹಿನಕಲ್‌ನಲ್ಲಿದ್ದೀವಿ, ನೋಡು ಟಿವಿ ಓಡ್ತಿದೆ" ಎನ್ನುತ್ತಿದ್ದೆ. ಕನ್ನಡ ಕೇಳಿಸಿದ ಕೂಡಲೇ ಅವಳ ಮುಖ ಇನ್ನಷ್ಟು ಬಿಳಿಚಿಕೊಳ್ಳುತ್ತಿತ್ತು. ನಾನು ಅವಳ ಮಗಳು ಎನ್ನುವುದು ಮರೆತು ನನ್ನಿಂದಲೇ ಹಿಂದೆ ಸರಿಯುತ್ತಿದ್ದಳು. ಹೊರಗೆ ಬಂದು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ. ನನ್ನ ಅನ್ನ, ನನ್ನ ಓದು, ನನ್ನ ಮಾನ ಎಲ್ಲ ಈ ಭಾಷೆಯದ್ದು. ಅದನ್ನು ಕೇಳಿ ನನ್ನ ತಾಯಿ ನಡುಗುತ್ತಿದ್ದಳು.

ಒಂದು ಭಾನುವಾರ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಹಿಂದಿನ ಬಾಗಿಲಿನಿಂದ ಎದುರುಮನೆ ದೊಡ್ಡಮ್ಮ ಇಳಿದರು. ಅವರಿಗೆ ಈಗ ಎಂಬತ್ತು ದಾಟಿದೆ, ಮಂಡಿ ಮಡಚಲು ಬರುವುದಿಲ್ಲ, ಆಟೋ ಹತ್ತಲಾರರು. ಅವರ ಕೈಹಿಡಿದು ಇಳಿಸಿದವರು ಆ ಮನುಷ್ಯ, ಅಪ್ಪನಿಗೆ ಶಾಲು ಹೊದಿಸಿದವರು. ಕೂದಲಿಗೆ ಬಣ್ಣ, ಬಿಳಿ ಷರಟು, ಬೆರಳಿಗೆ ಉಂಗುರ.

ದೊಡ್ಡಮ್ಮ ಒಳಗೆ ಬರುತ್ತಲೇ, "ನಿಮ್ಮಮ್ಮನ್ನ ನೋಡ್ಬೇಕು ಅಂತ ಬಡ್ಕೊತಿದ್ದೆ ಕಣಮ್ಮ, ಇವ್ರೇ ಕರ್ಕೊಂಡ್ ಬಂದ್ಬುಟ್ರು" ಎಂದರು. ಅವರ ದನಿಯಲ್ಲಿ ಸ್ವಲ್ಪ ಕ್ಷಮೆ ಕೇಳಿದ ಹಾಗಿತ್ತು. ಬನ್ನಿ ಎಂದೆ. ಮನೆಗೆ ಬಂದವರಿಗೆ ಇನ್ನೇನು ಹೇಳುವುದು?

ಸಂಜೆಯಾಗುತ್ತಿತ್ತು. ಅಮ್ಮನ ಕೈ ಆಗಲೇ ಮಂಚದ ಪಟ್ಟಿಯ ಮೇಲಿತ್ತು. ದೊಡ್ಡಮ್ಮ ಪಕ್ಕದಲ್ಲಿ ಕೂತು ಅವಳ ತಲೆ ಸವರಿದರು. ಅವರು ಆಡಿದ ಮಾತು ಅಮ್ಮನಿಗೆ ತಲುಪಲಿಲ್ಲ. ಅವಳು ಬಾಗಿಲಲ್ಲಿ ನಿಂತಿದ್ದ ಗಂಡಸನ್ನು ನೋಡಿ ಅದೇ ಪ್ರಶ್ನೆ ಕೇಳಿದಳು. ಹೋದರಾ? ಬಾಗಿಲು ತೆಗೆಯಲಾ?

ಅವರು ಬೆಚ್ಚಿದರು. ನನ್ನ ಮುಖ ನೋಡಿದರು, ದೊಡ್ಡಮ್ಮನ ಮುಖ ನೋಡಿದರು. ಆಮೇಲೆ ಮಂಚದ ಹತ್ತಿರ ಬಂದು ನೆಲದ ಮೇಲೆ ಮಂಡಿಯೂರಿ, ತಗ್ಗಿದ ದನಿಯಲ್ಲಿ ಹೇಳಿದರು. "ತೊರಕ್ಕಾದೀಂಗಮ್ಮಾ. ಉಳ್ಳೇಯೇ ಇರುಂಗ. ನಾನ್ ವೆಳಿಯ ಇರುಕ್ಕೇನ್." ತೆಗೀಬೇಡಿ ಅಮ್ಮ. ಒಳಗೇ ಇರಿ. ನಾನು ಹೊರಗಿದ್ದೀನಿ.

ಅಮ್ಮ ಅವರನ್ನು ಗುರುತಿಸಿದಳೋ ಇಲ್ಲವೋ ತಿಳಿಯದು. ಪಟ್ಟಿಯ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕಣ್ಣು ಮುಚ್ಚಿದಳು. ಎಷ್ಟೋ ವಾರಗಳ ಮೇಲೆ ಆ ಹೊತ್ತಿನಲ್ಲಿ ಅವಳಿಗೆ ನಿದ್ದೆ ಬಂತು. ಆ ಮನುಷ್ಯ ಎದ್ದು ಗೋಡೆಗೆ ಮುಖ ಮಾಡಿ ಕರ್ಚೀಫಿನಿಂದ ಮುಖ ಒರೆಸಿಕೊಂಡರು.

ದೊಡ್ಡಮ್ಮ ಕಾಫಿ ಕುಡಿಯುತ್ತಿರುವಾಗ ನಾನು ಗೇಟಿನವರೆಗೆ ಅವರ ಜೊತೆ ಹೋದೆ. ಕೇಳಬೇಕು ಎಂದುಕೊಂಡು ಹೋದದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

"ಆವತ್ತು ಅಪ್ಪನ್ನ ಯಾಕೆ ಹೊರಗೆ ಕರೆದ್ರಿ? ಉಳಿಸೋಕಾ, ಅಂಗಡಿ ತೆಗೆಸೋಕಾ?"

ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ರಸ್ತೆ ನೋಡುತ್ತಾ ನಿಂತರು.

"ಆವತ್ತು ಹುಡುಗರ ಹತ್ರ, ನಾನೇ ಶಟರ್ ಎತ್ತಿಸ್ದೆ ಅಂತ ಹೇಳ್ಕೊಂಡೆ ಮೇಡಂ. ನನ್ನನ್ನ ಹೆಗಲ ಮೇಲೆ ಹೊತ್ಕೊಂಡ್ರು. ಆಮೇಲೆ ಎಲೆಕ್ಷನ್‌ನಲ್ಲಿ ನಿಮ್ಮೋರ ಹತ್ರ, ನಾನೇ ಉಳಿಸ್ದೆ ಅಂತ ಹೇಳ್ದೆ. ಅವರೂ ವೋಟ್ ಹಾಕಿದ್ರು. ಎರಡೂ ಹೇಳೀ ಹೇಳೀ..." ಬಾನೆಟ್ಟಿನ ಮೇಲಿನ ಕೈ ತೆಗೆದು ಹೇಳಿದರು. "ಆ ಕೂಗು ಹಾಕ್ದಾಗ ಮನಸ್ಸಲ್ಲಿ ಏನಿತ್ತು ಅಂತ ಈಗ ನಂಗೇ ಗೊತ್ತಿಲ್ಲ. ನಿಮ್ಮಪ್ಪ ಪೊಲೀಸ್ರ ಹತ್ರ ನನ್ನ ಹೆಸರು ಹೇಳ್ಲಿಲ್ಲ. ಹೇಳಿದ್ರೆ ಅವತ್ತೇ ಗೊತ್ತಾಗ್ತಿತ್ತೇನೋ."

ನಿಮ್ಮೋರು. ಆ ಮಾತು ನನಗೆ ತಾಗಿತು. ಆಗಲೇ ಅವರ ಫೋನು ಹೊಡೆದುಕೊಂಡಿತು, ತಿರುಗಿ ಮಾತಾಡುತ್ತಾ ಹೋದರು.

ಅವರು ಹೇಳಿದ ವಾಕ್ಯವನ್ನು ನಾನು ಕಲಿತುಕೊಂಡೆ. ಬೇರೆ ದಾರಿ ಇರಲಿಲ್ಲ. ಅಮ್ಮ ಇದ್ದ ಕೊನೆಯ ತಿಂಗಳುಗಳಲ್ಲಿ ಪ್ರತಿ ಮುಸ್ಸಂಜೆ ಮಂಚದ ಪಕ್ಕ ಮಂಡಿಯೂರಿ ಹೇಳುತ್ತಿದ್ದೆ, ತೊರಕ್ಕಾದೀಂಗಮ್ಮಾ ಎಂದು. ನನ್ನ ಉಚ್ಚಾರಣೆ ಕೆಟ್ಟದಾಗಿರುತ್ತಿತ್ತು. ಒಂದು ಸಲ ಅವಳು ನನ್ನ ಕೆನ್ನೆ ಮುಟ್ಟಿ, ಯಾರ ಮಗು ನೀನು ಎಂದು ತಮಿಳಲ್ಲಿ ಕೇಳಿದಳು. ನಿನ್ನದೇ ಎನ್ನುವುದಕ್ಕೆ ತಮಿಳು ಹುಡುಕುವಷ್ಟರಲ್ಲಿ ಅವಳ ಗಮನ ಬೇರೆಲ್ಲೋ ಹೋಗಿತ್ತು.

ಅಮ್ಮ ಹೋದಾಗ ಹಳೆಯ ಗಲ್ಲಿಯಲ್ಲಿ ಫ್ಲೆಕ್ಸ್ ಹಾಕಿಸಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ಅಮ್ಮನ ಚಿಕ್ಕ ಫೋಟೋ, ಕೆಳಗೆ ಕೈಮುಗಿದು ನಿಂತ ಆ ಮನುಷ್ಯನ ದೊಡ್ಡ ಫೋಟೋ. ಹತ್ತು ದಿನ ಕಳೆದ ಮೇಲೆ ಅಲ್ಲೇ ಶಾಮಿಯಾನ ಹಾಕಿ ಒಂದು ಸಂತಾಪ ಸಭೆ. ನನ್ನ ಗಂಡ ಹೋಗುವುದು ಬೇಡ ಎಂದರು. ದೊಡ್ಡಮ್ಮ ಬಾ ಎಂದು ಕರೆದಿದ್ದರಿಂದ ಹೋದೆ.

ಆ ಮನುಷ್ಯ ಮಾತಾಡಿದರು. ಕಾವೇರಿ ಗಲಾಟೆಯಲ್ಲಿ ಈ ತಾಯಿಯ ಯಜಮಾನರನ್ನು ನಾನು ಕೂಗಿ ಹೊರಗೆ ಕರೆದು ಉಳಿಸಿದೆ ಎಂದರು. ದನಿ ಗದ್ಗದವಾಯಿತು, ಅದು ನಾಟಕವಾಗಿರಲಿಲ್ಲ. ಗೇಟಿನ ಹತ್ತಿರ ನನಗೆ ಹೇಳಿದ್ದು ಅವರಿಗೆ ನೆನಪಿರಲಿಲ್ಲವೋ, ಮೈಕು ಕೈಗೆ ಬಂದರೆ ಅದು ಬೇರೆಯೇ ನೆನಪೋ. ಆಮೇಲೆ ಮಗಳು ಎರಡು ಮಾತು ಆಡಲಿ ಎಂದು ಮೈಕನ್ನು ನನಗೆ ಕೊಟ್ಟರು.

ಎದ್ದು ಮೈಕು ತೆಗೆದುಕೊಂಡೆ. ಕತೆ ಹೇಳುವ ಹಾಗೆ ಹೇಳಿದೆ. ಇವರು ಅಪ್ಪನನ್ನು ತಮಿಳಿನಲ್ಲಿ ಕರೆದದ್ದು ನಿಜ. ತಾನು ಅದರಿಂದ ಬದುಕಿದೆ ಎಂದು ಅಪ್ಪ ನಂಬಿದ್ದರು. ಅದರಿಂದಲೇ ಅಂಗಡಿ ಸುಟ್ಟಿತು ಎಂದು ಅಮ್ಮ ನಂಬಿದ್ದಳು. ಆವತ್ತಿನಿಂದ ಅಮ್ಮ ತನ್ನ ಭಾಷೆಯನ್ನು ಬಿಟ್ಟಳು, ಸಾಯುವ ಮುಂಚೆ ಅದೊಂದೇ ಉಳಿದಾಗ ಅವಳ ಜೊತೆ ಮಾತಾಡಲು ನನಗೆ ಬರಲಿಲ್ಲ. ಇಷ್ಟೇ ಹೇಳಿದ್ದು. ಯಾರನ್ನೂ ದೂರಲಿಲ್ಲ.

ಆ ಮನುಷ್ಯ ನೆಲ ನೋಡುತ್ತಾ ಕೂತಿದ್ದರು. ನಿರೂಪಣೆ ಮಾಡುತ್ತಿದ್ದವನು ಗಡಿಬಿಡಿಯಲ್ಲಿ ಮೈಕು ಇಸಿದುಕೊಂಡು, ಒಂದು ನಿಮಿಷ ಮೌನ ಎಂದು ಹೇಳಿದ. ಎಲ್ಲರೂ ಎದ್ದು ನಿಂತರು.

ಸಭೆ ಮುಗಿದು ಜನ ಚದುರುವಾಗ, ಗಲ್ಲಿಯ ತುದಿಯ ಮನೆಯ ಒಬ್ಬ ಹಿರಿಯರು ನನ್ನ ಹತ್ತಿರ ಬಂದರು. ಕಾರ್ಖಾನೆಯಿಂದ ನಿವೃತ್ತರಾದವರು, ಅಪ್ಪನ ಹಳೆಯ ಗಿರಾಕಿ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

"ನಾನೂ ಇದ್ದೆ ಕಣಮ್ಮ ಅವತ್ತು, ರಸ್ತೆ ಆಚೆ ಕಡೆ. ಏನೂ ಮಾಡ್ಲಿಲ್ಲ ನಾನು. ನಿಂತ್ಕೊಂಡು ನೋಡ್ದೆ ಅಷ್ಟೆ. ಮನೇಲಿ ಎಂಡ್ತಿಗೂ ಯೋಳಿಲ್ಲ ಇವತ್ತಿನವರ್ಗೂ." ನನ್ನ ಮುಖ ನೋಡಿ ಕೇಳಿದರು. "ನಿಮ್ಮಮ್ಮಂಗೆ ನಮ್ಮ ಮೇಲೆ ಕೋಪ ಇತ್ತಾ?"

"ಕೋಪ ಇರ್ಲಿಲ್ಲ ಅಂಕಲ್" ಎಂದೆ. "ಭಯ ಇತ್ತು."

ಅವರು ತಲೆಯಾಡಿಸಿದರು. ಪಕ್ಕದ ಕುರ್ಚಿಯನ್ನು ನನ್ನ ಕಡೆ ಎಳೆದು ಕೊಟ್ಟು ತಾವೂ ಒಂದರ ಮೇಲೆ ಕೂತರು. ಹುಡುಗರು ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಅಪ್ಪನ ಅಂಗಡಿಯ ಒಳಗೆ ಆ ದಿನ ಏನೇನಿತ್ತು ಎಂದು ಅವರು ಕೇಳಿದರು. ನನಗೆ ಗೊತ್ತಿದ್ದಷ್ಟನ್ನು ಹೇಳತೊಡಗಿದೆ.